ಐದನೇ ಚೀಟಿಯ ಹುಡುಗಿ

ನಾನು ಕುದುರೆಗೆ ಹೊಲಿದಿದ್ದೇನೆ. ಮುಂಗಾಲಿನ ನಟನಿಗೂ ಹಿಂಗಾಲಿನ ನಟನಿಗೂ ಮಾತು ಬಿಟ್ಟಿತ್ತು, ಅದಕ್ಕೆ ನಡುವೆ ಒಂದು ಜಿಪ್ ಇಟ್ಟುಕೊಟ್ಟೆ. ಒಂದೇ ನಾಟಕದಲ್ಲಿ ಮೂರು ಸಲ ಸಾಯುವ ರಾಜನಿಗೆ ಹೊಲಿದಿದ್ದೇನೆ, ಸಲಕ್ಕೊಂದು ಕಡೆ ರಕ್ತ ಬರುವ ಹಾಗೆ. ಮೂವತ್ತೊಂದು ವರ್ಷದಿಂದ ನಾನು ಈ ರಂಗಮಂದಿರದ ದರ್ಜಿ. ವೇದಿಕೆಯ ಎಡಗಡೆಯಿಂದ ಮೂರು ಮೆಟ್ಟಿಲು ಇಳಿದರೆ ನನ್ನ ಕೋಣೆ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಪೈಪು, ಪೈಪಿನ ತುಂಬ ಬಟ್ಟೆ. ಇಷ್ಟು ವರ್ಷದಲ್ಲಿ ಇಲ್ಲದ ಮೈಗೆ ಹೊಲಿದದ್ದು ಒಂದೇ ಸಲ.

ತಪ್ಪು ನನ್ನದೇ. ನಮ್ಮಲ್ಲಿ ಅಳತೆ ತೆಗೆಯುವುದು ನನ್ನ ಹೆಂಡತಿ, ಕತ್ತರಿಸುವುದು ನಾನು. ಸಂಸಾರ ನಿಂತಿರುವುದೇ ಆ ಒಪ್ಪಂದದ ಮೇಲೆ. ಆ ತಿಂಗಳು ಅವಳು ಮಗಳ ಹೆರಿಗೆಗೆ ಹೋಗಿದ್ದಳು. ಅದೇ ಹೊತ್ತಿಗೆ ಬೀದಿ ಡ್ಯಾನ್ಸಿನ ಹುಡುಗರ ಒಂದು ತಂಡ ಬಂತು. ಎಂಟು ಜನ, ಹದಿನೈದರಿಂದ ಹದಿನೇಳರ ವಯಸ್ಸು. ಮಾರುಕಟ್ಟೆಯ ಹಿಂದೆ, ಲಾರಿ ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿಕೊಂಡು ಕುಣಿಯುತ್ತಿದ್ದವರು. ಬೆನ್ನ ಮೇಲೆ ಗಿರಗಿರ ತಿರುಗುತ್ತಾರೆ, ತಲೆಯ ಮೇಲೆ ನಿಲ್ಲುತ್ತಾರೆ, ನೆಟ್ಟಗೆ ನಿಲ್ಲು ಎಂದರೆ ಮಾತ್ರ ಆಗುವುದಿಲ್ಲ. ಅವರನ್ನು ಮೊದಲ ಸಲ ವೇದಿಕೆಗೆ ಹತ್ತಿಸುತ್ತಿದ್ದವಳು ಒಬ್ಬ ಕೋಚು. ಮೊಣಕಾಲು ಹೋದ ಮೇಲೆ ತಾನು ಕುಣಿಯುವುದನ್ನು ಬಿಟ್ಟು ಬೇರೆಯವರನ್ನು ಕುಣಿಸುವುದಕ್ಕೆ ಶುರು ಮಾಡಿದವಳು. ಹುಡುಗರು ಅವಳನ್ನು ಕೋಚಕ್ಕ ಎನ್ನುತ್ತಿದ್ದರು.

"ಶೋ ಹೆಸರು 'ನಾನು ಹೇಗೆ ಕಾಣ್ತೀನಿ' ಅಂತ, ಮಾಸ್ಟ್ರೇ. ಎಂಟೂ ಜನಕ್ಕೆ ಒಂದೇ ಥರ ಬೆಳ್ಳಿ ಬಣ್ಣದ ಜಾಕೆಟ್ಟು. ಜಾಕೆಟ್ಟಿಗೇ ಸೇರಿಸಿ ಹೊಲಿದ ದೊಡ್ಡ ಟೋಪಿ ಇರ್ಬೇಕು, ಮುಖ ಕಾಣ್ಬಾರ್ದು. ಒಬ್ಬೊಬ್ರೇ ಮುಂದೆ ಬಂದು ಕುಣಿದು, ಕೊನೇಲಿ ಟೋಪಿ ಸರಿಸಿ ಮುಖ ತೋರಿಸ್ತಾರೆ. ಅಷ್ಟೇ ಕಥೆ."

"ಅಳತೆ?"

"ಅವ್ರೇ ಚೀಟೀಲಿ ಬರ್ಕೊಡ್ತಾರೆ. ಹೆಸರು ಬೇಡ, ನಂಬರು ಸಾಕು. ಈ ವಯಸ್ಸಲ್ಲಿ ನಾಚಿಕೆ ಜಾಸ್ತಿ."

ನಾನು ಆಗಲಿ ಎಂದೆ. ಹೆಂಡತಿ ಇದ್ದಿದ್ದರೆ ಆ ಎಂಟು ಚೀಟಿಯನ್ನೂ ಒಲೆಗೆ ಹಾಕಿ ಟೇಪು ಹಿಡಿದುಕೊಂಡು ಹೊರಡುತ್ತಿದ್ದಳು.

ಏಳು ಚೀಟಿ ಚೀಟಿಯ ಹಾಗೇ ಇದ್ದವು. ಗೀಚಿದ್ದು, ತಿದ್ದಿದ್ದು, ಒಂದರ ಮೇಲೆ ಎಣ್ಣೆ. ಐದನೆಯದು ಮುದ್ದಾದ ಅಕ್ಷರದಲ್ಲಿತ್ತು. ಎತ್ತರ ಐದಡಿ ಆರಿಂಚು. ಭುಜ ಹದಿನಾಲ್ಕು. ತೋಳು ಇಪ್ಪತ್ತೆರಡು. ಸೊಂಟ ಇಪ್ಪತ್ತನಾಲ್ಕು. ಕಾಲಿಂಚು ಇಲ್ಲ, ಅರ್ಧ ಇಂಚು ಇಲ್ಲ. ಮನುಷ್ಯರ ಮೈ ಹೀಗಿರುವುದಿಲ್ಲ ಸ್ವಾಮಿ. ಎಂಥ ಚೆಲುವೆಯಾದರೂ ಎಲ್ಲೋ ಒಂದು ಕಾಲಿಂಚು ಮಿಗುತ್ತದೆ, ಬ್ಯಾಗು ಹೊತ್ತ ಕಡೆಯ ಭುಜ ಜಾರಿರುತ್ತದೆ. ಇದು ಬಟ್ಟೆ ಅಂಗಡಿಯ ಬೊಂಬೆಯ ಅಳತೆ. ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಚೀಟಿಯಲ್ಲಿ ಇದ್ದಂತೆ ಕತ್ತರಿಸಿದೆ.

ಹೊಲಿಯುವಾಗ ಒಂದು ಸಲವೂ ದಾರ ಕಡಿಯಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ನಾನೇ ಹೊಲಿದೆನೋ, ಅದೇ ಹೊಲಿಸಿಕೊಂಡಿತೋ ಹೇಳಲಾರೆ. ಎಂಟನ್ನೂ ಪೈಪಿಗೆ ಸಿಕ್ಕಿಸಿದೆ. ಏಳು ಜಾಕೆಟ್ಟು ಹ್ಯಾಂಗರಿನಲ್ಲಿ ಜೋತುಬಿದ್ದಿದ್ದವು. ಐದನೆಯದು ನಿಂತಿತ್ತು.

ಮಾರನೆಯ ಮಧ್ಯಾಹ್ನ ಹುಡುಗರು ಬಂದು ಗಲಾಟೆ ಮಾಡಿ ಏಳನ್ನೂ ಹಾಕಿಕೊಂಡು ಹೋದರು. ಐದನೆಯದು ಯಾರದು ಎಂದು ಕೂಗಿದೆ. ಬಾಗಿಲ ಹತ್ತಿರ ನಿಂತಿದ್ದವಳು ಕೈ ಎತ್ತಿದಳು. ನನ್ನ ತಂಗಿಯ ಮಗಳು!

ಅವಳಿಗೆ ಹದಿನಾರು. ತಂಡದವರು ಬುಗುರಿ ಅನ್ನುತ್ತಾರೆ. ಬೆನ್ನ ಮೇಲೆ ಅವಳಷ್ಟು ಹೊತ್ತು ತಿರುಗುವವರು ಬೇರೆ ಯಾರೂ ಇಲ್ಲ, ಅದಕ್ಕೆ. ಅವಳು ಮಾತ್ರ ತನ್ನ ಆಕಾರ ನೋಡಿ ಇಟ್ಟ ಹೆಸರು ಅಂದುಕೊಂಡಿದ್ದಾಳೆ. ಗುಂಪಿನ ಫೋಟೋ ತೆಗೆದರೆ ಎಲ್ಲರಿಗಿಂತ ಉದ್ದದವನ ಹಿಂದೆ ಹೋಗಿ ನಿಲ್ಲುತ್ತಾಳೆ. ಎತ್ತರ ಐದಡಿ ಒಂದಿಂಚು. ಉಳಿದ ಅಳತೆ ನಾನು ಹೇಳುವುದಿಲ್ಲ, ಹೇಳಿ ಒಮ್ಮೆ ಆದ ಗ್ರಹಚಾರ ಸಾಕು. ಅದು ಆಮೇಲೆ ಬರುತ್ತದೆ.

"ಇದು ನಿಂದೇನೇ?"

"ಹ್ಞೂಂ ಮಾವ."

"ಹಾಕ್ಕೋ ನೋಡೋಣ."

"ಮನೇಲಿ ಹಾಕ್ಕೊಂಡ್ ನೋಡ್ತೀನಿ."

"ಇದು ನಿನ್ನ ಒಂದು ಕಾಲಿಗೂ ಬರಲ್ಲವಲ್ಲೇ!" ಅಂದುಬಿಟ್ಟೆ. ಬಾಯಿ ನನ್ನದು, ಅದಕ್ಕೆ ಅಳತೆ ಇಲ್ಲ.

ಅವಳ ಮುಖ ಕೆಂಪಾಯಿತು. "ಹೀಗಾಗ್ಬೇಕು ಅಂತ ಬರೆದಿದ್ದು ಮಾವ. ಹೀಗಿದ್ದೀನಿ ಅಂತಲ್ಲ," ಎಂದು ಹೇಳಿ ಜಾಕೆಟ್ಟನ್ನು ಮುಟ್ಟದೆ ಹೊರಟುಹೋದಳು. ಸಂಜೆ ಬೀಗ ಹಾಕುವಾಗ ಅದು ಪೈಪಿನಲ್ಲೇ ಇತ್ತು. ಬೆಳಿಗ್ಗೆ ಹ್ಯಾಂಗರು ಖಾಲಿ. ಮನಸ್ಸು ಬದಲಾಗಿ ಬಂದು ಒಯ್ದಿರಬೇಕು ಅಂದುಕೊಂಡೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು ಅನ್ನುವುದು ಹಲ್ಲುಜ್ಜುವಾಗ ಹೊಳೆಯುವಂಥ ವಿಷಯ, ಆಗ ಹೊಳೆಯಲಿಲ್ಲ.

ಆವತ್ತು ನಾಲ್ಕು ಗಂಟೆಗೆ ರಿಹರ್ಸಲ್ ನೋಡಲು ಸಭಾಂಗಣಕ್ಕೆ ಹೋದೆ. ವೇದಿಕೆಯ ಮೇಲೆ ಎಂಟು ಬೆಳ್ಳಿ ಜಾಕೆಟ್ಟು, ಎಂಟು ಟೋಪಿ. ಕೋಚಕ್ಕ "ಐದು, ಆರು, ಏಳು, ಎಂಟು" ಎಂದು ಎಣಿಸುತ್ತ ಕುಂಟುತ್ತ ಓಡಾಡುತ್ತಿದ್ದಳು. ಹೊಲಿಗೆ ಚೆನ್ನಾಗಿ ಕೂತಿದೆ ಎಂದು ಖುಷಿಪಡುತ್ತ ಮೂರನೇ ಸಾಲಿನಲ್ಲಿ ಕೂರಲು ಹೋದರೆ, ಅಲ್ಲಿ ಹಳೇ ನೀಲಿ ಅಂಗಿ ಹಾಕಿಕೊಂಡು ಬುಗುರಿ ಕೂತಿದ್ದಳು.

"ನೀನ್ಯಾಕೆ ಇಲ್ಲಿ ಕೂತಿದ್ದೀಯೇ?"

"ಮಾವ, ಮೆಲ್ಲಗೆ. ನಾನು ಅಲ್ಲಿದೀನಿ."

"ಎಲ್ಲಿ?"

ಅವಳು ವೇದಿಕೆಯತ್ತ ಗಲ್ಲ ಎತ್ತಿದಳು. ಎಡದಿಂದ ಐದನೆಯ ಜಾಕೆಟ್ಟು ಮುಂದೆ ಬಂತು. ಬೆನ್ನ ಮೇಲೆ ಬಿದ್ದು ತಿರುಗಿತು. ಚಂದ ಎಂದರೆ ಚಂದ, ನಯವಾಗಿ ಎಣ್ಣೆ ಸುರಿದ ಹಾಗೆ. ಉಳಿದವರ ಬೂಟು ಮರದ ನೆಲದ ಮೇಲೆ ಕಿರ್ರ್ ಕಿರ್ರ್ ಅನ್ನುತ್ತಿದ್ದವು. ಅದರದ್ದು ಅನ್ನಲಿಲ್ಲ. ಎದ್ದು ನಿಂತಾಗ ಉದ್ದ, ತೆಳ್ಳಗೆ, ಐದಡಿ ಆರಿಂಚು. ಟೇಪು ಬೇಕಾಗಲಿಲ್ಲ ನನಗೆ.

"ಬುಗುರಿ, ಸೂಪರ್! ಏನೇ ಆಯ್ತು ನಿಂಗೆ ಒಂದೇ ದಿನದಲ್ಲಿ?" ಎಂದು ಕೋಚಕ್ಕ ಚಪ್ಪಾಳೆ ಹೊಡೆದಳು. ಟೋಪಿ ತಲೆಯಾಡಿಸಿತು.

ಪಕ್ಕದಲ್ಲಿ ಬುಗುರಿ ನಗುತ್ತಿದ್ದಳು. "ಚೆನ್ನಾಗಿದಾಳೆ ಅಲ್ವಾ ಮಾವ? ನಾನು ಅಷ್ಟು ಜನರ ಮುಂದೆ ನಿಲ್ಲೋದೇ ಬೇಡ. ಎಲ್ಲಾ ಅವಳೇ ಮಾಡ್ತಾಳೆ."

ನಾನು ದರ್ಜಿ, ಮಂತ್ರವಾದಿ ಅಲ್ಲ. ಗೊತ್ತಿದ್ದದ್ದು ಮಾಡಿದೆ. ಕೋಣೆಗೆ ಹೋಗಿ ಐದನೇ ಚೀಟಿಯನ್ನು ನಾಲ್ಕು ಚೂರು ಮಾಡಿ ಹರಿದೆ. ಮಾರನೆಯ ದಿನ ರಿಹರ್ಸಲಿನಲ್ಲಿ ಅವಳು ಇನ್ನೂ ಚೆನ್ನಾಗಿ ಕುಣಿದಳು. ಅದರ ಮಾರನೆಯ ದಿನ ಹುಡುಗರು ಮನೆಗೆ ಹೊರಡುವಾಗ ಆ ಜಾಕೆಟ್ಟಿನ ಹೆಗಲ ಮೇಲೆ ಕೈಹಾಕಿ ಮಾತಾಡುತ್ತ ಹೋದರು. ಬುಗುರಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿ ಉದ್ದದ ಹುಡುಗ, "ಆಂಟಿ, ಸ್ವಲ್ಪ ದಾರಿ ಬಿಡಿ," ಎಂದ. ಹದಿನಾರರ ಹುಡುಗಿಗೆ! ಅವನಿಗೆ ಕಣ್ಣು ಸರಿಯಿದೆ, ನನಗೆ ಗೊತ್ತು. ಮೊನ್ನೆಯ ತನಕ ಅವಳ ಜೊತೆಗೇ ಕುಣಿಯುತ್ತಿದ್ದವನು.

ಬುಗುರಿಯ ನಗು ಅಲ್ಲಿಗೆ ನಿಂತಿತು.

ಶೋ ಶುಕ್ರವಾರ ಸಂಜೆ ಆರಕ್ಕೆ. ಗುರುವಾರ ರಿಹರ್ಸಲ್ ಮುಗಿದ ಮೇಲೆ ಅವಳು ನನ್ನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಕೂತು, "ಮಾವ, ಮನೆವರೆಗೂ ಬನ್ನಿ," ಅಂದಳು. ಮೂರು ರಾತ್ರಿ ಹಿತ್ತಿಲ ಬಾಗಿಲಿಂದ ನುಸುಳಿ ಮಲಗಿದ್ದಳಂತೆ. ಎರಡು ಬೀದಿ ದಾಟಿದರೆ ತಂಗಿಯ ಮನೆ. ಬಾಗಿಲು ತಟ್ಟಿದೆ.

ತಂಗಿ ಸೌಟು ಹಿಡಿದುಕೊಂಡೇ ತೆಗೆದಳು. "ಬಾ ಅಣ್ಣ. ಇದ್ಯಾರು ಜೊತೆಗೆ?"

ನಾನು ನಗಲು ನೋಡಿದೆ. "ನಿನ್ನ ಮಗಳು ಕಣೇ."

"ಜೋಕ್ ಸಾಕು. ನನ್ನ ಮಗಳು ಆಗ್ಲೇ ಬಂದಾಯ್ತು." ಹುಡುಗಿಯ ಕಡೆ ತಿರುಗಿ ಬೇರೆಯವರ ಮಕ್ಕಳಿಗೆ ತೋರಿಸುವ ಮರ್ಯಾದೆಯಲ್ಲಿ, "ಯಾರು ಬೇಕಿತ್ತಮ್ಮ ನಿಂಗೆ?" ಎಂದಳು.

ಅವಳ ಹೆಗಲ ಮೇಲಿಂದ ಒಳಗೆ ಕಂಡಿತು. ಊಟದ ಮೇಜು, ಮೇಜಿನ ಮೇಲೆ ಬಡಿಸಿಟ್ಟ ತಟ್ಟೆ, ತಟ್ಟೆಯ ಮುಂದೆ ನೆಟ್ಟಗೆ ಕೂತ ಬೆಳ್ಳಿ ಬಣ್ಣದ ಬೆನ್ನು. ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

"ನೋಡು, ನಾಲ್ಕು ದಿನದಿಂದ ಹಿಂಗೇ," ಎಂದು ತಂಗಿ ದನಿ ತಗ್ಗಿಸಿದಳು. "ಊಟ ಮಾಡಲ್ಲ, ಟೋಪಿ ತೆಗಿಯಲ್ಲ. ಶೋ ಮುಗೀಲಿ, ತೆಗೀತೀನಿ ಅಂತಾಳೆ. ಆದ್ರೆ ಏನು ವಿನಯ ಅಂತೀಯಾ! ಎದುರು ಮಾತೇ ಇಲ್ಲ."

"ತಂಗೀ, ಅದು ನಿನ್ನ ಮಗಳಲ್ಲ. ಅದು ನಾನು ಹೊಲಿದದ್ದು."

"ಹೌದಪ್ಪ. ಕುದುರೆಗೂ ನೀನೇ ಜಿಪ್ ಹಾಕಿದ್ದು," ಎಂದು ಅವಳು ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷ ಬಾಯಿಗೆ ಬಂದದ್ದು ಹೇಳಿಕೊಂಡು ತಿರುಗಿದವನಿಗೆ ಸಿಗಬೇಕಾದದ್ದು ಆವತ್ತು ಸಿಕ್ಕಿತು.

ಹಿಂದಕ್ಕೆ ನಡೆಯುತ್ತ ಹುಡುಗಿ ಅಳಲಿಲ್ಲ. ಕೈ ನೋಡಿಕೊಂಡಳು, ಇದೆಯೋ ಇಲ್ಲವೋ ಅನ್ನುವ ಹಾಗೆ. "ನಾಳೆ ಐದನೇ ಸರದೀಲಿ ಅವಳು ಟೋಪಿ ತೆಗೀತಾಳೆ ಮಾವ. ಅಷ್ಟು ಜನ ಅವಳ ಮುಖ ನೋಡಿದ್ಮೇಲೆ ಅವಳೇ ನಾನು. ನಾನು ಯಾರೂ ಅಲ್ಲ."

"ಅಳತೆ ತಪ್ಪಿದ್ರೆ ಮತ್ತೆ ಅಳೀಬೇಕು," ಅಂದೆ. "ನಮ್ಮ ಕಸುಬಲ್ಲಿ ಇರೋದು ಅದೊಂದೇ ಉಪಾಯ. ಹಳೇ ಚೀಟಿ ಹರಿದ್ರೆ ಹೋಗಲ್ಲ, ಹೊಸ ಚೀಟಿ ಬರೀಬೇಕು. ನಾನು ಕೂಗಿ ಹೇಳ್ಬೇಕು, ಇನ್ನೊಬ್ರು ಬರ್ಕೋಬೇಕು. ಹಂಗೆ ಆದ್ರೇನೇ ಅದು ಅಳತೆ."

"ಕೂಗಿನಾ?" ಅವಳು ನಿಂತುಬಿಟ್ಟಳು. "ಬೇಡ. ಬೇಡ ಮಾವ. ಅದೊಂದು ಬೇಡ."

ತಾಯಿ ಗುರುತು ಹಿಡಿಯದಿದ್ದರೂ ಚಿಂತೆಯಿಲ್ಲ, ಸೊಂಟದ ಅಳತೆ ಇನ್ನೊಬ್ಬರ ಕಿವಿಗೆ ಬೀಳಬಾರದು. ಹದಿನಾರು ಅಂದರೆ ಹೀಗೆ. ಆ ರಾತ್ರಿ ಅವಳು ನಮ್ಮ ಮನೆಯಲ್ಲಿ ಮಲಗಿದಳು. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ ಗುರುತು ಇರಲಿಲ್ಲ. ದಿಂಬು ಉಬ್ಬಿಕೊಂಡೇ ಇತ್ತು.

ಶುಕ್ರವಾರ ಸಭಾಂಗಣ ತುಂಬಿತ್ತು. ನಾನು ವೇದಿಕೆಯ ಪಕ್ಕದ ಮರೆಯಲ್ಲಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡು ನಿಂತಿದ್ದೆ. ಮರೆಯಲ್ಲಿ ನನ್ನ ಜೊತೆ ಇದ್ದವನು ಸೌಂಡಿನವನು. ಅವನ ಹೆಸರೇ ಎಲ್ಲರಿಗೂ ಮರೆತುಹೋಗಿದೆ, 'ಏನಂದ್ರಿ' ಎಂದೇ ಕರೆಯುತ್ತೇವೆ. ಇಪ್ಪತ್ತು ವರ್ಷ ಸ್ಪೀಕರಿನ ಪಕ್ಕ ಕೂತು ಕಿವಿ ಮಂದವಾಗಿದೆ. ಯಾರಾದರೂ ಮಾತಾಡಿದರೆ ಅವರ ಬಾಯಿಗೆ ಮೈಕು ಹಿಡಿದು ತನ್ನ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾನೆ.

ಮೊದಲನೆಯವನು ಕುಣಿದು ಟೋಪಿ ಸರಿಸಿದ. ಮುಖದ ತುಂಬ ಮೊಡವೆ. ಜನ ಚಪ್ಪಾಳೆ ತಟ್ಟಿದರು. ಎರಡನೆಯವಳು, ಮೂರನೆಯವನು. ಹಿಂದಿನ ಸಾಲಿನಲ್ಲಿ ಐದನೆಯ ಜಾಕೆಟ್ಟು ಅಲುಗದೆ ಕಾಯುತ್ತಿತ್ತು. ನಾಲ್ಕನೆಯವಳು ಮುಂದೆ ಬಂದಳು. ಆಗ ನನ್ನ ಅಂಗಿಯ ತೋಳನ್ನು ಯಾರೋ ಜಗ್ಗಿದರು. ತಿರುಗಿದರೆ ಮೊದಲು ಯಾರೂ ಕಾಣಲಿಲ್ಲ. ಕಣ್ಣುಜ್ಜಿಕೊಂಡೆ. ನೀಲಿ ಅಂಗಿ ಕಂಡಿತು, ಆಮೇಲೆ ಅದರೊಳಗೆ ಹುಡುಗಿ ಕಂಡಳು. ಬಹಳ ಹಳೆಯ ಫೋಟೋದ ಹಾಗೆ ಮಾಸಿದ್ದಳು.

"ಅಳೀರಿ ಮಾವ. ಬೇಗ."

ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. 'ಏನಂದ್ರಿ'ಯ ಮುಂದೆ ಕಾಗದ ಪೆನ್ಸಿಲು ತಳ್ಳಿ, "ಬರ್ಕೋ!" ಎಂದೆ.

"ಏನಂದ್ರಿ?" ಎಂದು ಅವನು ಮೈಕನ್ನು ನನ್ನ ಬಾಯಿಗೆ ಹಿಡಿದ.

ವೇದಿಕೆಯಲ್ಲಿ ನಾಲ್ಕನೆಯವಳು ಮುಗಿಸಿದ್ದಳು. ಐದನೆಯ ಜಾಕೆಟ್ಟು ಎಣ್ಣೆಯ ಹಾಗೆ ಮುಂದಕ್ಕೆ ಹರಿದು ಬಂತು. ಬೆಳಕು ಅದರ ಮೇಲೆ ಬಿತ್ತು. ನಾನು ಬುಗುರಿಯ ಕತ್ತಿನ ಅಳತೆ ನೋಡಿ ಕೂಗಿದೆ. "ಕತ್ತು, ಹದಿಮೂರೂವರೆ!"

"ಹದಿಮೂರೂವರೆ," ಎಂದು ಸಭಾಂಗಣದ ನಾಲ್ಕೂ ಗೋಡೆಗಳು ಗುಡುಗಿದವು.

ಮೈಕು ಸಭಾಂಗಣದ ಸ್ಪೀಕರಿಗೂ ಹೋಗುತ್ತಿತ್ತು. ಪುಣ್ಯಾತ್ಮ ಅದರ ಸದ್ದು ಇಳಿಸುವುದನ್ನೇ ಮರೆತಿದ್ದ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಆದರೆ ವೇದಿಕೆಯ ಮೇಲೆ ಟೋಪಿ ಒಂದು ಕಡೆಗೆ ವಾಲಿತು, ಒಳಗಿನ ಕತ್ತಿಗೆ ಏನೋ ಆದ ಹಾಗೆ.

"ನಿಲ್ಲಿಸ್ಲೇನೇ?" ಎಂದು ಪಿಸುಗುಟ್ಟಿದೆ. ಅದೂ ಊರಿಗೆಲ್ಲ ಕೇಳಿಸಿತು.

ಅವಳು ಬೇಡ ಎಂದು ತಲೆಯಾಡಿಸಿದಳು.

"ಭುಜ, ಹದಿನೈದೂಮುಕ್ಕಾಲು! ಎಡ ತೋಳು, ಹತ್ತೊಂಬತ್ತೂಕಾಲು! ಬಲ ತೋಳು, ಹತ್ತೊಂಬತ್ತೂವರೆ!"

ಒಂದೊಂದು ಅಂಕಿಗೂ ಬೆಳ್ಳಿ ಜಾಕೆಟ್ಟಿನ ಅಷ್ಟಷ್ಟು ಭಾಗ ಗಾಳಿ ಹೋದಂತೆ ಕುಸಿಯಿತು. ತೋಳುಗಳು ಜೋತುಬಿದ್ದವು. ಜನ ಇದೂ ಶೋನ ಭಾಗ ಎಂದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಜಾಕೆಟ್ಟಿನವಳೂ ಕುಣಿತ ನಿಲ್ಲಿಸಿರಲಿಲ್ಲ. ಕೈ ಇಲ್ಲದೆ, ಸೊಂಟವೊಂದರಿಂದಲೇ ಕುಣಿಯುತ್ತಿದ್ದಳು. ನೋಡಲು ಸಾಧ್ಯವಿರಲಿಲ್ಲ, ನೋಡದಿರಲೂ ಆಗುತ್ತಿರಲಿಲ್ಲ.

ಉಳಿದದ್ದು ಸೊಂಟ. ಹುಡುಗಿ ಟೇಪನ್ನು ತಾನೇ ಸುತ್ತಿ ಹಿಡಿದುಕೊಂಡಳು. ನಾನು ಬಗ್ಗಿ ಓದಿದೆ. ಮೂವತ್ತನಾಲ್ಕೂವರೆ. ಅವಳ ಮುಚ್ಚಿದ ಕಣ್ಣುಗಳನ್ನು ನೋಡಿದೆ. ಎಷ್ಟಾದರೂ ತಂಗಿಯ ಮಗಳು.

"ಸೊಂಟ," ಎಂದು ಕೂಗಿದೆ, "ಮೂವತ್ತೆರಡು!"

ವೇದಿಕೆಯ ಮೇಲೆ ಜಾಕೆಟ್ಟು ಮತ್ತೆ ತುಂಬಿಕೊಂಡಿತು. ಸೊಂಟ, ಬೆನ್ನು, ಭುಜ. ಬಲತೋಳು ಮೆಲ್ಲಗೆ ಮೇಲೆದ್ದು ಟೋಪಿಯ ಅಂಚನ್ನು ಹಿಡಿಯಿತು. ಒಂದು ಗಲ್ಲ ಕಂಡಿತು. ಚೂಪಾದ, ಬಿಳುಚಿದ ಗಲ್ಲ.

ಹುಡುಗಿ ಕಣ್ಣು ಬಿಟ್ಟಳು. "ಮಾವ, ಏನಂದ್ರಿ ನೀವು?"

"ಮೂವತ್ತೆ..."

"ಸುಳ್ಳು ಯಾಕ್ ಹೇಳ್ತೀರಾ?" ಸೌಂಡಿನವನ ಕೈಯಿಂದ ಮೈಕು ಕಿತ್ತುಕೊಂಡಳು. ಬಗ್ಗಿ ಟೇಪು ಓದಿದಳು. ಅವಳ ದನಿ ಒಡೆದಿತ್ತು, ಆದರೂ ಪ್ರತಿ ಅಕ್ಷರವೂ ಸ್ಪಷ್ಟ. "ಮೂವತ್ತನಾಲ್ಕೂವರೆ. ಬರ್ಕೊಳ್ಳಿ ಅಂಕಲ್. ಮೂವತ್ತನಾಲ್ಕೂವರೆ."

ಏನಂದ್ರಿ ಬರೆದುಕೊಂಡ.

ಆಮೇಲೆ ಮೂರನೇ ಸಾಲಿನಲ್ಲಿ ಯಾರೋ ಧಡಕ್ಕನೆ ಎದ್ದು ನಿಂತರು.

"ಲೋ ಅಣ್ಣಾ!" ನನ್ನ ತಂಗಿಯ ದನಿಗೆ ಮೈಕು ಬೇಕಾಗಿಲ್ಲ. "ನನ್ನ ಮಗಳ ಸೊಂಟದ ಅಳತೆ ಊರಿಗೆಲ್ಲಾ ಸಾರ್ತೀಯೇನೋ? ನಾಚಿಕೆ ಇಲ್ವೇನೋ ನಿಂಗೆ?"

ಹುಡುಗಿ ಮೈಕನ್ನು ಕೆಳಗಿಟ್ಟಳು. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ನಾನು ನೋಡುತ್ತಿದ್ದಂತೆ ಟೇಪನ್ನು ಬಿಚ್ಚಿ ನನ್ನ ಕೊರಳಿಗೆ ಹಾಕಿ, ಬೆಳಕಿಗೆ ನಡೆದಳು.

ವೇದಿಕೆಯ ನಡುವೆ ಜಾಕೆಟ್ಟು ನಿಂತಿತ್ತು. ಪೂರ್ತಿ ಕುಸಿದಿರಲಿಲ್ಲ. ಕೈ ಇನ್ನೂ ಟೋಪಿಯ ಅಂಚಿನಲ್ಲೇ. ಒಬ್ಬಳಿಗಿಂತ ಇನ್ನೊಬ್ಬಳು ಐದಿಂಚು ಎತ್ತರ. ಬುಗುರಿ ತುದಿಗಾಲಲ್ಲಿ ನಿಂತು ಟೋಪಿಯೊಳಗೆ ಇಣುಕಿದಳು. ನಾನು ಕಣ್ಣು ಮುಚ್ಚಿಕೊಂಡೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಮುಚ್ಚಿಕೊಂಡೆ. ಅವಳು ಏನೋ ಹೇಳಿದಳು, ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಒಂದು ಜಾಕೆಟ್ಟು ಬಿದ್ದಿತ್ತು. ಬರೀ ಬಟ್ಟೆ.

ಆಮೇಲೆ ಅವಳು ಕುಣಿದಳು. ಎಣ್ಣೆಯ ಹಾಗಲ್ಲ. ಒಂದು ಸಲ ಜಾರಿ ಮೊಣಕೈ ತರಚಿಕೊಂಡಳು, ಎದ್ದಳು, ಬೆನ್ನ ಮೇಲೆ ಬಿದ್ದು ತಿರುಗಿದಳು. ಎಷ್ಟು ಹೊತ್ತು ತಿರುಗಿದಳೆಂದರೆ ಕೋಚಕ್ಕ ಎಣಿಸುವುದನ್ನೇ ಬಿಟ್ಟಳು. ಉಳಿದ ಏಳು ಜನ ಸುತ್ತ ಕೂತು ನೆಲ ಬಡಿಯುತ್ತಿದ್ದರು. ಸರಿಸಲು ಅವಳಿಗೆ ಟೋಪಿ ಇರಲಿಲ್ಲ. ಎದ್ದು, ಬೆವರು ಒರೆಸಿಕೊಂಡು, ಸುಮ್ಮನೆ ಜನರತ್ತ ನೋಡಿದಳು.

ಶೋ ಮುಗಿದ ಮೇಲೆ ತಂಗಿ ಕೋಣೆಗೆ ಬಂದು ನನಗೆ ಹತ್ತು ನಿಮಿಷ ಬೈದಳು, ಮಗಳ ಮೊಣಕೈಗೆ ಔಷಧಿ ಹುಡುಕಿಕೊಂಡು ಹೊರಗೆ ಹೋದಳು. ಹುಡುಗಿ ಇಸ್ತ್ರಿ ಮೇಜಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಇಬ್ಬರೇ ಇದ್ದೆವು. ಕೇಳದೆ ಇರಲಾಗಲಿಲ್ಲ.

"ಟೋಪಿ ಒಳಗೆ ಮುಖ ಇತ್ತೇನೇ?"

"ಇತ್ತು ಮಾವ. ನಂದೇ."

"ಹೆಂಗಿತ್ತು?"

"ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ಲು. ಅಷ್ಟು ಸಣ್ಣಗಿದ್ರೂ. ಮುಖ ಎಲ್ಲಾ ನೀಲಿಯಾಗಿತ್ತು, ಪಾಪ. ಎಷ್ಟು ದಿನದಿಂದ ಹಂಗೇ ನಿಂತಿದ್ಲೋ ಏನೋ."

"ನೀನೇನಂದೆ?"

"'ಸಾಕು, ಉಸಿರು ಬಿಡೇ' ಅಂದೆ." ಅವಳು ಲೋಟ ಕೆಳಗಿಟ್ಟಳು. "ಬಿಟ್ಲು."